ನಾನು ಧೂಳೆಂದು ಅಳಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಮೆಷಿನ್ನಿನದಲ್ಲ, ಸಾಫ್ಟ್‌ವೇರಿನದಲ್ಲ. ಹೀಗೆ ಬರೆದುಕೊಳ್ಳುವುದು ನನಗೇನೂ ಖುಷಿಯ ವಿಷಯವಲ್ಲ. ಬೇರೆಯವರ ತಪ್ಪನ್ನು ಹೆಕ್ಕಿ ತೆಗೆದು ಮುಖಕ್ಕೆ ಹಿಡಿಯುವವಳು ಎಂದೇ ಆಫೀಸಿನಲ್ಲಿ ನನಗೆ ಹೆಸರು.

ಸಿಂಗಪುರದ ಬ್ಯೂನಾ ವಿಸ್ಟಾದಲ್ಲಿ ನಮ್ಮದು ಚಿಕ್ಕ ಕಂಪನಿ. ಹಾಳಾಗುತ್ತಿರುವ ಹಳೆಯ ಸಿನಿಮಾ ರೀಲುಗಳನ್ನು ಸ್ಕ್ಯಾನ್ ಮಾಡಿ, ಗೀರು, ಧೂಳು, ಕಲೆ ತೆಗೆದು ಮತ್ತೆ ನೋಡುವಂತೆ ಮಾಡುವುದು ನಮ್ಮ ಕೆಲಸ. ಸ್ಕ್ಯಾನ್ ಆದ ಮೇಲಿನ ಶುಚಿ ಮಾಡುವ ಭಾಗ ನನ್ನದು. ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಅವಳು, "ಅಂದ್ರೆ ಅಲ್ಲಿ ಹೋಗಿ ಕಸ ಗುಡಿಸ್ತಿದೀಯ" ಎಂದಿದ್ದಳು. ಹೌದು, ಕಸ ಗುಡಿಸುವುದೇ. ಗುಡಿಸುವಾಗ ಕಸ ಯಾವುದು, ಕಸವಲ್ಲದ್ದು ಯಾವುದು ಎಂದು ನೋಡಬೇಕು, ಅಷ್ಟೇ ಕಷ್ಟ.

ಈ ರೀಲು ಬಂದದ್ದು ಇಲ್ಲಿಯ ಸರ್ಕಾರ ಕಟ್ಟಿಸಿದ ಒಂದು ಹಳೆಯ ಎಚ್‌ಡಿಬಿ ಫ್ಲ್ಯಾಟಿನ ಮಂಚದ ಕೆಳಗಿನಿಂದ. ಬಹಳ ಹಿಂದೆ ಇಲ್ಲಿ ಸಿನಿಮಾ ಥಿಯೇಟರ್ ನಡೆಸುತ್ತಿದ್ದವರೊಬ್ಬರು ತೀರಿಕೊಂಡ ಮೇಲೆ, ಮನೆ ಖಾಲಿ ಮಾಡುವಾಗ ಮೊಮ್ಮಕ್ಕಳಿಗೆ ತಗಡಿನ ಡಬ್ಬಿಗಳು ಸಿಕ್ಕವು. ಒಂದು ಕಪ್ಪು ಬಿಳುಪು ಈಜಿಪ್ಟಿನ ಸಿನಿಮಾ, ಕೆಳಗೆ ಮಲಯ್ ಭಾಷೆಯ ಅಕ್ಷರಗಳು. ಆ ಕಾಲಕ್ಕೆ ಇಲ್ಲಿಯ ಮಲಯ್ ಮತ್ತು ಅರಬ್ ಜನ ಅಂಥ ಸಿನಿಮಾಗಳಿಗೆ ಸಾಲುಗಟ್ಟಿ ನಿಲ್ಲುತ್ತಿದ್ದರಂತೆ. ನಾಲ್ಕನೇ ಡಬ್ಬಿಯಲ್ಲಿ ಮೂರೂವರೆ ನಿಮಿಷದ ಒಂದು ನೃತ್ಯವಿತ್ತು. ಜಗತ್ತಿನಲ್ಲಿ ಆ ನೃತ್ಯದ ಪ್ರತಿ ಅದೊಂದೇ. ಈಜಿಪ್ಟಿನಲ್ಲಿ ಸಿನಿಮಾ ಬಿಡುಗಡೆಯಾದ ಒಂದೇ ವಾರಕ್ಕೆ ಅದನ್ನು ಕತ್ತರಿಸಿ ತೆಗೆದಿದ್ದರು, ಮೂಲ ನೆಗೆಟಿವ್ ಸ್ಟುಡಿಯೋ ಬೆಂಕಿಯಲ್ಲಿ ಹೋಯಿತು.

ಕುಣಿದಾಕೆ ಬದುಕಿದ್ದರು. ತೊಂಬತ್ತು ವಯಸ್ಸು, ಕೈರೋದಲ್ಲಿ ಮಗಳ ಜೊತೆ ವಾಸ. ಮಗಳು ಕೆಮಿಸ್ಟ್ರಿ ಕಲಿಸಿ ರಿಟೈರ್ ಆದವರು. ವಿಡಿಯೋ ಕಾಲಿನಲ್ಲಿ ಮೊದಲ ದಿನವೇ ನನ್ನನ್ನು ಲ್ಯಾಬ್ ರೆಕಾರ್ಡ್ ಮರೆತು ಬಂದ ಹುಡುಗಿಯನ್ನು ನೋಡುವಂತೆ ನೋಡಿದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ತಾಯಿಗೆ ಅರಬ್ಬಿ ಬಿಟ್ಟರೆ ಬೇರೆ ಬಾರದು, ಮಗಳೇ ಒಂದೊಂದು ವಾಕ್ಯ ಹೇಳಿ ನಿಲ್ಲಿಸಿ ಅನುವಾದಿಸುತ್ತಿದ್ದರು.

ನರ್ತಕಿಯ ಕಥೆ ನನಗೆ ತಿಳಿದದ್ದು ಹೀಗೆ ತುಂಡು ತುಂಡಾಗಿ. ನೈಲ್ ನದಿ ಸಮುದ್ರ ಸೇರುವ ಕಡೆಯ ಒಂದು ಸಣ್ಣ ಊರು, ತಂದೆ ಹತ್ತಿ ಗಿರಣಿಯಲ್ಲಿ ತೂಕ ಬರೆಯುವವರು. ಹದಿನಾಲ್ಕರ ಹುಡುಗಿ ಚಿಕ್ಕಮ್ಮನ ಮನೆಗೆಂದು ಕೈರೋಗೆ ಬಂದು, ಚಿಕ್ಕಮ್ಮನಿಗೆ ಗೊತ್ತಿಲ್ಲದೆ ಒಂದು ನೈಟ್ ಕ್ಲಬ್ಬಿನಲ್ಲಿ ಹಿಂದಿನ ಸಾಲಿಗೆ ಸೇರಿಕೊಂಡಳು. ಅಲ್ಲಿಯ ಹಿರಿಯ ನರ್ತಕಿ ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಚೌಕ ಬರೆದು, ಇದರ ಆಚೆ ಕಾಲಿಡದೆ ಕುಣಿ ಎಂದಳಂತೆ. ಪಾಠ ಅಷ್ಟೇ. ಇಪ್ಪತ್ತು ತುಂಬುವ ಹೊತ್ತಿಗೆ ಈಕೆ ಒಂದೇ ನೆಲಹಾಸಿನ ಕಲ್ಲಿನ ಮೇಲೆ ನಿಂತು ಇಡೀ ಸಂಜೆ ಕುಣಿಯಬಲ್ಲಳು ಎಂಬ ಮಾತು ಊರಲ್ಲಿ ಹಬ್ಬಿತ್ತು. ಸಿನಿಮಾದವರು ಬಂದರು. ಮೊದಲು ಗುಂಪಿನಲ್ಲಿ, ಆಮೇಲೆ ವರ್ಷಗಟ್ಟಲೆ ನಾಯಕನ ಮನೆ ಮುರಿಯುವ ಕೆಟ್ಟ ಹೆಂಗಸಾಗಿ. ಇಪ್ಪತ್ತೇಳರಲ್ಲಿ, ಈ ಸಿನಿಮಾದಲ್ಲಿ ಮೊದಲ ಬಾರಿಗೆ ನಾಯಕಿಯ ಪಾತ್ರ.

ಆಗಲೇ ಅಲ್ಲಿ ಬೆಲ್ಲಿ ಡ್ಯಾನ್ಸಿನ ನರ್ತಕಿಯರು ಹೊಟ್ಟೆ ಮುಚ್ಚಿಕೊಳ್ಳಬೇಕೆಂಬ ಸರ್ಕಾರಿ ಆದೇಶ ಬಂದಿತ್ತು. ಎಲ್ಲರೂ ಗೊಣಗುತ್ತ ತೆಳು ಬಲೆಬಟ್ಟೆ ಹೊಲಿಸಿಕೊಂಡರು. ಇವರು ಗೊಣಗಲಿಲ್ಲ. ಸೂಜಿ ದಾರ ಹಿಡಿದು ಮನೆಯಲ್ಲಿ ಕೂತು, ಆ ಬಲೆಯ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕನ್ನಡಿ ಚೂರುಗಳನ್ನು ಒಂದೊಂದಾಗಿ ಹೊಲಿದರು. ಹೊಟ್ಟೆಯ ಯಾವ ಸ್ನಾಯು ಎಲ್ಲಿ ಅಲುಗುತ್ತದೋ ಅಲ್ಲೊಂದು ಚೂರು. ಮುಚ್ಚಿಟ್ಟದ್ದನ್ನು ಬೆಳಕು ಹೇಳುತ್ತಿತ್ತು. ಬಹುಶಃ ಅದಕ್ಕೇ ಕತ್ತರಿಸಿದರು.

ಆ ನೃತ್ಯವನ್ನು ಅವರು ಪರದೆಯ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಬಿಡುಗಡೆಯ ವಾರ ಆಸ್ಪತ್ರೆಯಲ್ಲಿದ್ದರಂತೆ, ಹೊರಗೆ ಬರುವಷ್ಟರಲ್ಲಿ ಅದು ಇರಲಿಲ್ಲ. ಆಮೇಲೆ ಕುಣಿಯಲೂ ಇಲ್ಲ. ಮೊಣಕಾಲು ಕೆಟ್ಟಿತು ಎಂದು ಪತ್ರಿಕೆಯವರಿಗೆ ಹೇಳಿದರು, ಮನೆಯವರೂ ಅದನ್ನೇ ನಂಬಿದ್ದರು. ಕೆಲವು ವರ್ಷ ಬಿಟ್ಟು ನಟಿಯಾಗಿ ಹಿಂತಿರುಗಿದರು: ಅಕ್ಕ, ಅಮ್ಮ, ಅಜ್ಜಿ. ಟಿವಿ ಬಂದ ಮೇಲೆ ತಲೆಗೆ ಬಿಳಿ ವಸ್ತ್ರ ಹೊದ್ದ ತಾಯಿಯೆಂದರೆ ಇವರೇ. ರಸ್ತೆಯಲ್ಲಿ ಜನ ಕೈಗೆ ಮುತ್ತಿಟ್ಟು ಅಮ್ಮ ಎಂದು ಕರೆಯುತ್ತಾರಂತೆ.

"ನಾನು ನೋಡಿರೋದು ಬರೀ ಆ ಅಮ್ಮನ್ನ," ಎಂದಿದ್ದರು ಮಗಳು. "ಡ್ಯಾನ್ಸ್ ಅವರ ಹಳೇ ಕಥೆ. ನನಗೆ ಅದರಲ್ಲಿ ಏನೂ ಇಲ್ಲ. ಆದರೆ ಅವರು ಕೇಳ್ತಿದ್ದಾರೆ, ಮತ್ತೆ ಟೈಮ್ ಇಲ್ಲ."

ಟೈಮ್ ಇಲ್ಲದ್ದು ಕಣ್ಣಿಗೆ. ಎಡಗಣ್ಣು ಹೋಗಿಯೇ ಹೋಗಿತ್ತು. ಬಲಗಣ್ಣಿನ ನಡುಭಾಗ ಕಪ್ಪು, ಅಂಚಿನಲ್ಲಷ್ಟೇ ಸ್ವಲ್ಪ ಕಾಣುತ್ತಿತ್ತು. ಅದೂ ಯಾವ ವಾರ ಬೇಕಾದರೂ ಮುಚ್ಚಬಹುದು ಎಂದಿದ್ದರು ಡಾಕ್ಟರು. ಯಾರ ಮುಖವೂ ಅವರಿಗೆ ಗುರುತು ಸಿಗುತ್ತಿರಲಿಲ್ಲ. ಅಲುಗುವುದು, ಹೊಳೆಯುವುದು ಮಾತ್ರ ಗೊತ್ತಾಗುತ್ತಿತ್ತು. ಅಷ್ಟು ಉಳಿದಿರುವಾಗಲೇ ಅವರು ತಮ್ಮ ನೃತ್ಯವನ್ನು ಒಮ್ಮೆ ನೋಡಬೇಕು. ನಮ್ಮ ಕೈಯಲ್ಲಿದ್ದದ್ದು ಇದು.

ನಮ್ಮ ಸ್ಕ್ಯಾನರ್ ಆಪರೇಟರ್ ಮಂಡ್ಯದವರು, ನನಗಿಂತ ಹತ್ತು ವರ್ಷ ಹಿರಿಯರು. ಈ ಕಂಪನಿಗೆ ಬರುವ ಮೊದಲು ಇಲ್ಲಿಯದೇ ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು. ಅವರು ನನಗೆ ಮೇಡಂ, ನಾನು ಅವರಿಗೆ ಸರ್. ನಾಲ್ಕನೇ ಡಬ್ಬಿ ತೆರೆದಾಗ ಕೆಟ್ಟ ಉಪ್ಪಿನಕಾಯಿಯ ಹುಳಿ ವಾಸನೆ ಇಡೀ ಕೋಣೆಗೆ ಬಡಿಯಿತು. ಫಿಲಂ ಕೊಳೆಯತೊಡಗಿದರೆ ಹೀಗೇ. ಸುಕ್ಕುಗಟ್ಟಿ ಕುಗ್ಗಿತ್ತು, ಅಂಚಿನ ತೂತುಗಳು ಮೆಷಿನ್ನಿನ ಹಲ್ಲುಗಳಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಅವರು ಅದನ್ನು ಅತಿ ನಿಧಾನಕ್ಕೆ ಓಡಿಸಿದರು. ಆದರೂ ಎರಡು ಕಡೆ ಹರಿಯಿತು, ಅಂಟಿಸಿ ಮುಂದುವರಿಸಿದರು. ಮುಗಿದ ಮೇಲೆ ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ, ಮತ್ತೆ ಓಡಿಸಬಾರದು, ಎಂದು ಬರೆದರು.

ಇನ್ನು ನನ್ನ ಕೆಲಸ. ಧೂಳು ತೆಗೆಯುವ ಸಾಫ್ಟ್‌ವೇರ್ ಮಾಡುವುದಿಷ್ಟು: ಒಂದು ಫ್ರೇಮನ್ನು ಅದರ ಹಿಂದಿನ ಮತ್ತು ಮುಂದಿನ ಫ್ರೇಮಿನ ಜೊತೆ ಹೋಲಿಸುತ್ತದೆ. ಒಂದೇ ಫ್ರೇಮಿನಲ್ಲಿ ಕಾಣಿಸಿ ಮಾಯವಾಗುವ ಚುಕ್ಕೆ ಧೂಳು ಎಂದು ತೀರ್ಮಾನಿಸಿ, ಅಕ್ಕಪಕ್ಕದ ಫ್ರೇಮಿನಿಂದ ತೇಪೆ ತಂದು ಹಚ್ಚುತ್ತದೆ. ಸಾಮಾನ್ಯವಾಗಿ ಅದು ಸರಿಯೇ. ನೆಗೆಟಿವ್ ಮೇಲೆ ಕೂತಿದ್ದ ಧೂಳು ಪ್ರಿಂಟಿನಲ್ಲಿ ಹೀಗೇ ಬಿಳಿ ಚುಕ್ಕೆಯಾಗಿ ಬರುತ್ತದೆ. ನಾನು ನಾಲ್ಕನೇ ರೀಲನ್ನು ಅದಕ್ಕೆ ಒಪ್ಪಿಸಿ, ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ಫ್ರೇಮ್ ನಿಲ್ಲಿಸಿ ನೋಡಿದೆ. ಗಾಜಿನಂತೆ ಸ್ವಚ್ಛ. ಓಡಿಸಿ, ಸೌಂಡ್ ಹಾಕಿ ನೋಡಲಿಲ್ಲ. ಆ ವಾರ ನನ್ನ ತಲೆಯ ಮೇಲೆ ಇನ್ನೂ ನಾಲ್ಕು ಕೆಲಸಗಳಿದ್ದವು. ಇದು ಕಾರಣವಲ್ಲ, ನೆಪ ಎಂದು ನನಗೂ ಗೊತ್ತು.

ನಂತರ ಕೆಲಸ ಮುಗಿಯಿತೆಂದು ಸಹಿ ಹಾಕುವ ಸೈನ್-ಆಫ್ ಶೀಟ್. ಮೂಲ ಸ್ಕ್ಯಾನ್ ಕಾಪಿಯಾಗಿ ಬ್ಯಾಕಪ್ ಟೇಪಿಗೆ ಹೋಗಿದೆಯೇ ಎಂದು ಖಚಿತಪಡಿಸಿಕೊಂಡು ಟಿಕ್ ಹಾಕಬೇಕು. ಟಿಕ್ ಹಾಕಿ ಸಹಿ ಮಾಡಿದರೆ, ಮುಂದಿನ ಕೆಲಸಕ್ಕೆ ಜಾಗ ಬೇಕೆಂದು ಸಿಸ್ಟಮ್ ಆ ಸ್ಕ್ಯಾನನ್ನು ಡಿಸ್ಕಿನಿಂದ ಒರೆಸಿಬಿಡುತ್ತದೆ.

"ಟೇಪ್ ನೋಡಿದ್ರಾ ಮೇಡಂ?" ಪಕ್ಕದಿಂದ ಹಾದುಹೋಗುತ್ತ ಸರ್ ಕೇಳಿದರು.

"ಗುರುವಾರದ ಹೊತ್ತಿಗೆ ಯಾವಾಗ್ಲೂ ಆಗಿರುತ್ತಲ್ಲ ಸರ್."

"ಒಂದ್ಸಲ ಕೈಯಲ್ಲಿ ಮುಟ್ಟಿ ನೋಡಿಬಿಡಿ. ನಾವು ಪ್ಲೇನ್‌ನಲ್ಲಿ ಮುಟ್ಟದೇ ಸೈನ್ ಹಾಕ್ತಿರ್ಲಿಲ್ಲ."

"ಇದು ಪ್ಲೇನ್ ಅಲ್ಲ ಸರ್, ಬಿದ್ದು ಸಾಯಲ್ಲ ಯಾರೂ," ಎಂದು ಟಿಕ್ ಹಾಕಿದೆ. ಅವರು ನಕ್ಕು ಹೋದರು.

ಸೋಮವಾರ ಇಪ್ಪತ್ತು ಸೆಕೆಂಡಿನ ಒಂದು ತುಣುಕನ್ನು ಕೈರೋಗೆ ಕಳಿಸಿದೆ. ಮಂಗಳವಾರ ಮಧ್ಯಾಹ್ನ ಕಾಲ್ ಬಂತು. ಮುದುಕಿ ಟಿವಿಗೆ ಕಿವಿ ಕೊಟ್ಟವರಂತೆ ಮುಖ ಪಕ್ಕಕ್ಕೆ ತಿರುಗಿಸಿ ಕೂತಿದ್ದರು. ಹಾಗೆ ಕೂತರೇ ಅವರಿಗೆ ಕಣ್ಣಂಚಿನಲ್ಲಿ ಏನಾದರೂ ಕಾಣುವುದು.

"ಅಮ್ಮ ಹೇಳ್ತಿದ್ದಾರೆ, ಇದು ನಾನಲ್ಲ ಅಂತ," ಎಂದರು ಮಗಳು.

ಹಳೆಯ ಚಿತ್ರ, ವಯಸ್ಸಾದ ಕಣ್ಣು, ಗುರುತು ಸಿಗದಿರಬಹುದು ಎಂದು ನಾನು ಸಮಾಧಾನದ ದನಿಯಲ್ಲಿ ಶುರು ಮಾಡಿದೆ. ಮುದುಕಿ ಮಧ್ಯದಲ್ಲೇ ತಡೆದು ಇನ್ನೇನೋ ಹೇಳಿದರು.

"ಹೊಟ್ಟೆ ಸತ್ತುಹೋಗಿದೆ ಅಂತಿದ್ದಾರೆ. ಕನ್ನಡಿಗಳು ಎಲ್ಲಿ, ಯಾರು ಬಿಚ್ಚಿದರು ಅಂತ ಕೇಳ್ತಿದ್ದಾರೆ."

ಕಾಲ್ ಮುಗಿಸಿ, ಮೊದಲ ಬಾರಿಗೆ ಸೌಂಡ್ ಹಾಕಿ, ಸರಿಯಾದ ವೇಗದಲ್ಲಿ ಆ ನೃತ್ಯ ನೋಡಿದೆ. ಡೋಲು ಬಡಿಯುತ್ತಿದೆ, ಅವರ ಬೆರಳಿಗೆ ಕಟ್ಟಿದ ಹಿತ್ತಾಳೆಯ ಪುಟ್ಟ ತಾಳಗಳು ಕಿಣಿಕಿಣಿ ಎನ್ನುತ್ತಿವೆ. ಕಾಣದ ಚೌಕದೊಳಗೆ ನಿಂತ ಹೆಂಗಸಿನ ಸೊಂಟ ತೂಗುತ್ತಿದೆ. ಬಲೆಬಟ್ಟೆಯ ಮೇಲೆ ಮಾತ್ರ ಏನೂ ಇಲ್ಲ. ಬೂದಿ ಬಳಿದಂತೆ ಮಂಕು. ಸ್ನಾಯು ಅದುರಿದಾಗ ಕನ್ನಡಿ ಚೂರೊಂದು ಬೆಳಕಿಗೆ ತಿರುಗಿ ಹೊಳೆಯುವುದು ಒಂದೇ ಫ್ರೇಮಿನಷ್ಟು ಹೊತ್ತು. ಸಾಫ್ಟ್‌ವೇರ್ ಆ ಹೊಳಪುಗಳನ್ನೆಲ್ಲ ಧೂಳೆಂದು ಗುಡಿಸಿ ಹಾಕಿತ್ತು. ನಾನು ಅದರ ಕೆಳಗೆ ಸಹಿ ಹಾಕಿದ್ದೆ. ಅವರಿಗೆ ಉಳಿದಿದ್ದ ಕಣ್ಣಿಗೆ ಕಾಣುವಂಥದ್ದು ಅದೊಂದೇ, ಅದನ್ನೇ ತೆಗೆದಿದ್ದೆ.

ಮೂಲ ಸ್ಕ್ಯಾನ್ ಇದೆಯಲ್ಲ, ಎಂದು ಟೇಪ್ ಕಪಾಟಿಗೆ ಓಡಿದೆ. ಒಂದು, ಎರಡು, ಮೂರನೇ ರೀಲಿನ ಟೇಪುಗಳಿದ್ದವು. ನಾಲ್ಕನೆಯದಿಲ್ಲ. ಟೇಪ್ ಡ್ರೈವ್ ಆ ವಾರ ಬೇರೆ ಕೆಲಸಕ್ಕೆ ಹೋಗಿತ್ತು, ನಾಲ್ಕನೆಯದು ಸರದಿಯಲ್ಲಿ ಕಾಯುತ್ತಿತ್ತು. ಧ್ವನಿಯ ಫೈಲು ಬೇರೆ ಕಡೆ ಇದ್ದುದರಿಂದ ಉಳಿದಿತ್ತು, ಚಿತ್ರ ಮಾತ್ರ ಇಲ್ಲ. ಐಟಿಯವನು ಡಿಸ್ಕ್ ನೋಡಿ, ಅದರ ಮೇಲೆ ಆಗಲೇ ಎರಡು ಸಿನಿಮಾ ಬರೆದಾಗಿದೆ ಎಂದ. ನಾನು ಕಪಾಟಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಸಿಟ್ಟು ಮಾಡಲು ಯಾರಾದರೂ ಸಿಗುತ್ತಾರಾ ಎಂದು ಮನಸ್ಸು ಹುಡುಕುತ್ತಿತ್ತು, ಯಾರೂ ಸಿಗಲಿಲ್ಲ.

ಸರ್‌ಗೆ ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮತ್ತೆ ಸ್ಕ್ಯಾನ್ ಮಾಡಕ್ಕಾಗುತ್ತಾ ಸರ್?"

"ಟ್ರೈ ಮಾಡಣ. ಡ್ಯಾನ್ಸ್ ಇರೋ ಕಡೆ ಬೇಡ, ರೀಲಿನ ಶುರುವಿನ ಖಾಲಿ ಭಾಗ ಓಡಿಸಿ ನೋಡ್ತೀನಿ."

ರೀಲನ್ನು ಹತ್ತಿಸಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಶುರು ಮಾಡಿದರು. ಒಂದು ಗೇಣು ಹೋಗುವಷ್ಟರಲ್ಲಿ ಟಪ್ ಟಪ್ ಎಂದು ತೂತುಗಳು ಹರಿಯುವ ಸದ್ದು. ತಕ್ಷಣ ನಿಲ್ಲಿಸಿದರು. ಹರಿದ ಅಂಚನ್ನು ದೀಪಕ್ಕೆ ಹಿಡಿದು ನೋಡಿ, "ಇಲ್ಲ ಮೇಡಂ. ಓಡಿಸಿದ್ರೆ ಹಪ್ಪಳ ಆಗೋಗುತ್ತೆ," ಎಂದರು.

ಬಾಸ್‌ಗೆ ತಿಳಿಸಲೇಬೇಕಾಯಿತು. ಆಕೆ ಇಲ್ಲಿಯವರೇ, ಇಲ್ಲಿಯವರಂತೆ ಮಾತಿನ ಕೊನೆಗೊಂದು ಲಾ ಸೇರಿಸುವವರು, ಕೆಟ್ಟ ಮನುಷ್ಯಳಲ್ಲ. ಮುಂದಿನ ಶುಕ್ರವಾರಕ್ಕೆ ಇಲ್ಲಿ ಈ ಸಿನಿಮಾದ ಪ್ರದರ್ಶನ ನಿಗದಿಯಾಗಿತ್ತು, ಟಿಕೆಟ್ ಮಾರಿಹೋಗಿದ್ದವು. ಎಲ್ಲ ಕೇಳಿಸಿಕೊಂಡು, "ಹೊಳಪು ತಾನೇ? ಸೇರಿಸಿಬಿಡಿ ಲಾ. ಬೀಟ್ ಕೇಳುತ್ತೆ, ಪ್ರತಿ ಬೀಟಿಗೂ ಒಂದೊಂದು ಹೊಳಪು ಹಾಕಿ. ಯಾರಿಗೆ ಗೊತ್ತಾಗುತ್ತೆ?" ಎಂದರು.

ನನಗೆ ನಾಚಿಕೆಯಾಗುವ ವಿಷಯವೆಂದರೆ, ನಾನು ಅದನ್ನು ಮಾಡಿ ನೋಡಿದೆ. ಬುಧವಾರ ಇಡೀ ದಿನ ಕೂತು ಅರ್ಧ ನಿಮಿಷಕ್ಕೆ ಹೊಳಪು ಹಾಕಿದೆ. ಡೋಲಿನ ಪೆಟ್ಟು ಬಿದ್ದಾಗಲೆಲ್ಲ ಚಕ್ ಚಕ್ ಎಂದು ಮಿಂಚುತ್ತಿತ್ತು. ನೋಡಿದರೆ ಮದುವೆ ಮಂಟಪದ ಸೀರಿಯಲ್ ಸೆಟ್. ಸರ್ ಹಿಂದೆ ಬಂದು ನಿಂತು ಒಂದು ಸಲ ನೋಡಿದರು.

"ಚೆನ್ನಾಗಿದೆ," ಎಂದರು. ಸ್ವಲ್ಪ ಬಿಟ್ಟು, "ಆ ಯಮ್ಮ ಒಂದೊಂದೇ ಕನ್ನಡಿ ಕೂತು ಹೊಲ್ದಿದ್ರು ಅಂದ್ರಲ್ಲ ನೀವು?" ಎಂದರು.

ಡಿಲೀಟ್ ಮಾಡಿದೆ. ಗುರುವಾರ ಕೈರೋಗೆ ನಾನೇ ಕಾಲ್ ಮಾಡಿದೆ. ಬಾಸ್‌ಗೆ ಹೇಳಿಯೇ ಮಾಡಿದೆ, ಆಕೆ ತಲೆ ಹಿಡಿದುಕೊಂಡರು, ಬೇಡವೆನ್ನಲಿಲ್ಲ. ಧೂಳು, ಸಾಫ್ಟ್‌ವೇರ್, ಟಿಕ್, ಟೇಪ್, ಎಲ್ಲ ಕ್ರಮವಾಗಿ ಹೇಳಿದೆ. ಕನ್ನಡಿ ಬಿಚ್ಚಿದ್ದು ನಾನೇ ಎಂದೆ. ಮೆಷಿನ್ನಿಗೆ ಹಾಕದೆ ಕೈಯಿಂದಲೇ ಒಂದೊಂದು ಫ್ರೇಮನ್ನು ದೀಪದ ಮೇಲಿಟ್ಟು ಫೋಟೋ ತೆಗೆಯುವ ಒಂದು ದಾರಿ ಇದೆ, ಆದರೆ ಕೈಯಲ್ಲಿ ಆಡಿದಷ್ಟೂ ಫಿಲಂ ಒಡೆಯಬಹುದು, ಇರುವ ಒಂದು ಪ್ರತಿಯೂ ಹೋಗಬಹುದು ಎಂದೆ. ರೀಲು ಕೊಟ್ಟ ಮೊಮ್ಮಕ್ಕಳು ತೀರ್ಮಾನವನ್ನು ನಿಮಗೇ ಬಿಟ್ಟಿದ್ದಾರೆ ಎಂದೂ ಹೇಳಿದೆ.

ಮಗಳ ಮುಖ ಗಂಟಿಕ್ಕಿತು. "ನನ್ನ ಸ್ಟೂಡೆಂಟ್ ಆಗಿದ್ದರೆ ನಿಮ್ಮನ್ನ ಫೇಲ್ ಮಾಡ್ತಿದ್ದೆ," ಎಂದರು. ಆಮೇಲೆ ತಾಯಿಗೆ ಅನುವಾದಿಸಿದರು. ಮುದುಕಿ ಕೇಳಿ, ಭುಜ ಕುಣಿಸಿ ಎರಡು ಮಾತು ಹೇಳಿದರು.

"ಒಡೆದರೆ ಒಡೀಲಿ ಅಂತಾರೆ. ಡಬ್ಬಿ ಒಳಗೆ ಭದ್ರವಾಗಿದ್ದು ಅವರಿಗೇನು ಬಂತು, ಅಂತ."

ಮೂರೂವರೆ ನಿಮಿಷವೆಂದರೆ ಐದು ಸಾವಿರದ ನಲವತ್ತು ಫ್ರೇಮು. ಸರ್ ಆ ರಾತ್ರಿಯೇ ಸೆಲೆಟಾರ್‌ನ ಹಳೆಯ ಸಹೋದ್ಯೋಗಿಯೊಬ್ಬರಿಂದ ಅಲ್ಯುಮಿನಿಯಂ ತಗಡಿನಲ್ಲಿ ಫಿಲಂ ಕೂರುವ ಒಂದು ಚೌಕಟ್ಟು ಮಾಡಿಸಿ ತಂದರು. ಅದರ ಮೊಳೆಗಳನ್ನು ಕುಗ್ಗಿದ ತೂತಿಗೆ ತಕ್ಕಂತೆ ತಾವೇ ಅರ ಹಾಕಿ ತೆಳ್ಳಗೆ ಮಾಡಿದರು. ಕೆಳಗೆ ದೀಪ, ಮೇಲೆ ಸ್ಟ್ಯಾಂಡಿಗೆ ಬಿಗಿದ ಕ್ಯಾಮೆರಾ. ಅವರು ಎರಡು ಕೈಯ ಬೆರಳುಗಳಿಂದ ಫಿಲಂ ಎತ್ತಿ ಒಂದು ಫ್ರೇಮ್ ಸರಿಸಿ ಇಳಿಸಬೇಕು, ನಾನು ಕ್ಲಿಕ್ ಮಾಡಬೇಕು. "ಕೂತಿದೆ." ಕ್ಲಿಕ್. "ಕೂತಿದೆ." ಕ್ಲಿಕ್. ಒಂದಕ್ಕೆ ಹತ್ತು ಸೆಕೆಂಡು. ಶುಕ್ರವಾರ ಬೆಳಗ್ಗೆ ಶುರು ಮಾಡಿ ಸಂಜೆಗೆ ಒಂದೂವರೆ ಸಾವಿರ ದಾಟಿದೆವು. ಪ್ರತಿ ಐನೂರಕ್ಕೆ ಫೈಲುಗಳನ್ನು ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಸರ್ ಆ ಎರಡನ್ನೂ ಬೆರಳಿನಿಂದ ಮುಟ್ಟಿ, "ಟಚ್ಡ್," ಎಂದು ಹೇಳಿ ಮುಂದುವರಿಯುತ್ತಿದ್ದರು. ಅದು ನನಗೆ ಚುಚ್ಚುವುದಕ್ಕಲ್ಲ, ಅವರ ಅಭ್ಯಾಸವೇ ಅದು. ಚುಚ್ಚಿತಂತೂ ನಿಜ.

ಶನಿವಾರ ಮಧ್ಯಾಹ್ನ ಒಂದಕ್ಕೆ ಎಸಿ ನಿಂತಿತು. ನಮ್ಮ ಕಟ್ಟಡದ ನಿಯಮವೇ ಅದು: ಶನಿವಾರ ಅರ್ಧ ದಿನ, ಭಾನುವಾರ ಇಲ್ಲ. ಬೇಕೆಂದರೆ ಎರಡು ಕೆಲಸದ ದಿನ ಮುಂಚೆ ಅರ್ಜಿ ಹಾಕಬೇಕು. ಇದು ನಮಗೆ ಹೊಳೆದೇ ಇರಲಿಲ್ಲ. ಸಿಂಗಪುರದ ಸೆಕೆಗೆ ಅರ್ಧ ಗಂಟೆ ಸಾಕಾಯಿತು. ಫಿಲಂ ಬೆವೆತಂತಾಗಿ, ಅಂಚುಗಳು ಮೇಲಕ್ಕೆದ್ದು ದೋಣಿಯಂತೆ ಬಾಗತೊಡಗಿತು. ಕೂರಿಸಲು ಹೋದಾಗ ಸರ್ ಬೆರಳ ಕೆಳಗೇ ಚಟ್ ಎಂದು ಒಂದು ಬಿರುಕು. ನೃತ್ಯದ ಮಧ್ಯದಲ್ಲಿ. ಅದೃಷ್ಟಕ್ಕೆ ಬಿರುಕು ಚಿತ್ರದೊಳಗೆ ಹೋಗದೆ ಅಂಚಿನಲ್ಲೇ ನಿಂತಿತು.

"ಸರ್ವರ್ ರೂಮ್," ಎಂದೆ. ಅದಕ್ಕೆ ಬೇರೆ ಎಸಿ, ಯಾವತ್ತೂ ನಿಲ್ಲುವುದಿಲ್ಲ. ದೀಪ, ಸ್ಟ್ಯಾಂಡು, ಟ್ರೇಯಲ್ಲಿ ಹರಡಿದ ಫಿಲಂ ಎಲ್ಲವನ್ನೂ ಮಗುವನ್ನು ಎತ್ತಿಕೊಂಡು ಹೋಗುವಂತೆ ಅಲ್ಲಿಗೆ ಸಾಗಿಸಿದೆವು. ಹದಿನೆಂಟು ಡಿಗ್ರಿ. ಒಂದು ಗಂಟೆ ಕೆಲಸ ಮಾಡಿ, ತೆಗೆದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರೆ ಎಲ್ಲ ಮಸುಕು. ಸರ್ವರುಗಳ ಫ್ಯಾನಿಗೆ ನೆಲವೇ ಸಣ್ಣಗೆ ನಡುಗುತ್ತಿತ್ತು. ಒಂದು ಗಂಟೆಯ ಕೆಲಸ ನೀರಿಗೆ ಹೋಯಿತು. ನನಗೆ ಅಳು ಬಂತು, ಅತ್ತೆ. ಸರ್ ಹೊರಗೆ ಹೋಗಿ, ಬಾಸ್ ಕುರ್ಚಿಯ ಹಿಂದೆ ಸುತ್ತಿಟ್ಟಿದ್ದ ಯೋಗಾ ಮ್ಯಾಟ್ ತಂದು ಕತ್ತರಿಯಿಂದ ಎಂಟು ತುಂಡು ಮಾಡಿ ಸ್ಟ್ಯಾಂಡಿನ ಕಾಲುಗಳ ಕೆಳಗೆ ಎರಡೆರಡು ಇಟ್ಟರು.

"ಸೋಮವಾರ ಬಾಸ್ ಕೇಳಿದ್ರೆ?"

"ನೀವು ಮಾಡಿದ್ರಿ ಅಂತೀನಿ ಮೇಡಂ. ಹೇಗೂ ನಿಮ್ಮ ಅಕೌಂಟಲ್ಲೇ ಎಲ್ಲಾ ಇದೆ."

ಅಷ್ಟು ದಿನಗಳಲ್ಲಿ ನಾನು ನಕ್ಕಿದ್ದು ಅದೊಂದೇ ಸಲ. ಭಾನುವಾರ ಸ್ವೆಟರ್ ಮೇಲೆ ಶಾಲು ಹೊದ್ದು, ಪುಂಗೋಲ್‌ನ ನನ್ನ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಹೊತ್ತು ತಂದೆ. ಸಂಜೆ ನಾಲ್ಕಕ್ಕೆ ಕೊನೆಯ ಫ್ರೇಮ್ ಕೂತಿತು. ಫಿಲಂ ಹನ್ನೊಂದು ಕಡೆ ಬಿರುಕು ಬಿಟ್ಟಿತ್ತು, ಚಿತ್ರದೊಳಗೆ ಒಂದೂ ಇಲ್ಲ. ಫೈಲುಗಳನ್ನು ಎರಡು ಟೇಪಿಗೆ ಬರೆದೆವು. ಈ ಸಲ ನಾನೂ ಎರಡನ್ನೂ ಮುಟ್ಟಿ ನೋಡಿದೆ.

ಸೋಮವಾರ, ಮಂಗಳವಾರ ಚುಕ್ಕೆಗಳ ಲೆಕ್ಕ. ಈಗ ಬಿಳಿ ಚುಕ್ಕೆಗಳೆಲ್ಲ ವಾಪಸು ಬಂದಿದ್ದವು, ಕನ್ನಡಿಯದೂ ಧೂಳಿನದೂ ಒಟ್ಟಿಗೆ. ಯಾವುದನ್ನು ಉಳಿಸಬೇಕು? ಮುದುಕಿಯನ್ನೇ ಕೇಳಿದೆ. ಅವರು ಕುರ್ಚಿಯ ತೋಳಿನ ಮೇಲೆ ಡೋಲಿನ ನಡೆಯನ್ನು ಬೆರಳಿನಲ್ಲಿ ಬಡಿದು ತೋರಿಸಿದರು. ಭಾರದ ಪೆಟ್ಟಿಗೆ ಹೊಕ್ಕುಳ ಸುತ್ತಿನ ಏಳು ಕನ್ನಡಿ, ಹಗುರ ಪೆಟ್ಟಿಗೆ ಬಲಪಕ್ಕೆಯ ನಾಲ್ಕು, ತಾಳದ ಕಿಣಿಗೆ ಎಡಗಡೆಯವು. ಅರವತ್ತು ವರ್ಷ ಕಳೆದಿದ್ದರೂ ಒಂದೊಂದು ಚೂರಿನ ಜಾಗವೂ ಅವರ ಹೊಟ್ಟೆಗೆ ನೆನಪಿತ್ತು. ನನಗೆ ನಿಯಮ ಸಿಕ್ಕಿತು: ಧೂಳಿಗೆ ತಾಳ ಗೊತ್ತಿಲ್ಲ. ಪೆಟ್ಟಿಗೆ ಸರಿಯಾಗಿ ಬಂದರೆ ಕನ್ನಡಿ, ಅಡ್ಡಾದಿಡ್ಡಿ ಬಂದರೆ ಧೂಳು. ಸಾಫ್ಟ್‌ವೇರ್ ಮುಟ್ಟದೆ, ಸೌಂಡ್ ಹಾಕಿಕೊಂಡು, ಒಂದೊಂದನ್ನೂ ಕೈಯಿಂದಲೇ ಆರಿಸಿದೆ.

ಬುಧವಾರ ಮಧ್ಯಾಹ್ನ ಕೈರೋದ ಮನೆಯ ಟಿವಿಯಲ್ಲಿ ನೃತ್ಯ ಶುರುವಾಯಿತು. ನಮ್ಮ ಪರದೆಯ ಮೇಲೆ ಮುದುಕಿಯ ಪಕ್ಕದ ಮುಖ ಮಾತ್ರ. ಹಿಂದಿನ ವಾರಕ್ಕಿಂತ ತಲೆಯನ್ನು ಇನ್ನಷ್ಟು ತಿರುಗಿಸಿಕೊಂಡಿದ್ದರು, ಕಣ್ಣು ಇನ್ನೂ ಸ್ವಲ್ಪ ಹೋಗಿತ್ತು. ಸರ್ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಮೊದಲ ಹೊಳಪುಗಳು ಬರುತ್ತಿದ್ದಂತೆ ಮುದುಕಿಯ ಬೆರಳು ತೋಳಿನ ಮೇಲೆ ಬಡಿಯತೊಡಗಿತು. ಮುಗಿಯುವವರೆಗೂ ಒಂದು ಪೆಟ್ಟೂ ತಪ್ಪಲಿಲ್ಲ. ಆದರೆ ಅವರು ನಗಲಿಲ್ಲ. ಇನ್ನೊಮ್ಮೆ ಹಾಕಿ ಎಂದರು. ಎರಡನೇ ಸಲ ನಡುವಿನಲ್ಲಿ ಕೈ ಎತ್ತಿ ನಿಲ್ಲಿಸಿದರು.

"ಎರಡನೇ ಸುತ್ತಿನ ಕೊನೆಗೆ ಡೋಲು ನಿಲ್ಲುತ್ತಲ್ಲ," ಮಗಳು ಅನುವಾದಿಸಿದರು, "ಅಲ್ಲಿ ಅವರದೊಂದು ತಪ್ಪಿತ್ತಂತೆ. ಅದನ್ನ ಯಾಕೆ ತೆಗೆದಿರಿ ಅಂತ ಕೇಳ್ತಿದ್ದಾರೆ."

ಆ ಜಾಗ ನನಗೆ ಚೆನ್ನಾಗಿ ನೆನಪಿತ್ತು. ಡೋಲು, ತಾಳ ಎರಡೂ ನಿಂತು, ಅವರು ಕಲ್ಲಿನಂತೆ ನಿಂತ ಒಂದು ಗಳಿಗೆ. ಆ ನಿಶ್ಶಬ್ದದ ಮಧ್ಯೆ ಹೊಕ್ಕುಳ ಕೆಳಗೆ ಒಂದು ಬಿಳಿ ಚುಕ್ಕೆ, ಒಂದೇ ಫ್ರೇಮು. ಯಾವ ಪೆಟ್ಟಿಗೂ ಸೇರದ್ದು. ಹತ್ತು ನಿಮಿಷ ಅದರ ಮುಂದೆ ಕೂತು, "ಇದು ಪಕ್ಕಾ ಧೂಳು ಸರ್," ಎಂದು ಅಳಿಸಿದ್ದೆ.

ಈ ಸಲ ಮೂಲವಿತ್ತು. ಅವರನ್ನು ವಿಡಿಯೋ ಕಾಲಿನಲ್ಲೇ ಕಾಯಿಸಿ, ಆ ಒಂದು ಚುಕ್ಕೆಯನ್ನು ಅದರ ಜಾಗಕ್ಕೆ ತಂದಿಟ್ಟು ಮತ್ತೆ ಕಳಿಸಿದೆ. ಮೂರನೇ ಸಲ ನೃತ್ಯ ಓಡಿತು. ಡೋಲು ನಿಂತಿತು. ಚುಕ್ಕೆ ಮಿನುಗಿ ಹೋಯಿತು. ಮುದುಕಿ ಹ್ಞಾಂ ಎಂದು ತಲೆಯಾಡಿಸಿ, ಮೆಲ್ಲಗೆ ಮಾತಾಡತೊಡಗಿದರು. ಬಹಳ ಹೊತ್ತು ಮಾತಾಡಿದರು. ಮಗಳು ಎಂದಿನಂತೆ ವಾಕ್ಯಕ್ಕೊಮ್ಮೆ ನಿಲ್ಲಿಸಿ ಅನುವಾದಿಸಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

ಮತ್ತೆ ಏನೋ ಎಡವಟ್ಟಾಯಿತು ಎಂದೇ ನನಗನ್ನಿಸಿತು. "ಮೇಡಂ, ಏನಾದ್ರೂ ತಪ್ಪಾಯ್ತಾ?" ಎಂದೆ.

"ಇಲ್ಲ," ಎಂದರು. "ಆ ಶಾಟ್ ತೆಗೆದ ದಿನ ಅಮ್ಮನಿಗೆ ನಾಲ್ಕೂವರೆ ತಿಂಗಳಂತೆ. ಯಾರಿಗೂ ಹೇಳಿರಲಿಲ್ಲವಂತೆ. ಡೋಲು ನಿಂತಾಗ ಉಸಿರು ಹಿಡಿದು ಅಲುಗದೆ ನಿಲ್ಲಬೇಕಿತ್ತು. ಆಗ ಮೊದಲ ಸಲ ಮಗು ಅಲುಗಿತಂತೆ. ಬೆಚ್ಚಿಬಿಟ್ಟರಂತೆ. ಡೈರೆಕ್ಟರ್ ಇನ್ನೊಂದು ಟೇಕ್ ಅಂದರೆ, ಬೇಡ, ಇದೇ ಇರಲಿ ಅಂದರಂತೆ. ಮೊಣಕಾಲು ಯಾವತ್ತೂ ಕೆಟ್ಟಿರಲಿಲ್ಲವಂತೆ."

ಅವರು ಟಿವಿಯ ಕಡೆ ಕೈ ತೋರಿಸಿದರು. ಅಲ್ಲಿ ಈಗ ಏನೂ ಇರಲಿಲ್ಲ.

"ಅದು ನಾನಂತೆ," ಎಂದರು.